ಬೊಟ್ಟು ಇಲ್ಲದ ನೊಣ

ಮರ್ಕಂಜ
9-9-2024

ಮಾನ್ಯ ಸುಹರಾ ಮೇಡಂ ಅವರಿಗೆ,

ನಮಸ್ಕಾರ. ನೀವು ನನ್ನನ್ನು ಕಂಡವರಲ್ಲ. ನಾನು ನಿಮ್ಮನ್ನು ಕಂಡದ್ದು ಕಡ್ಲೆ ಪೊಟ್ಟಣದಲ್ಲಿ. ಅಂಗಡಿಯವ ಕಟ್ಟಿಕೊಟ್ಟ ಹಳೆಯ ವಾರಪತ್ರಿಕೆಯ ಚೂರಿನಲ್ಲಿ "ನೊಣಗಳ ಸ್ಪಷ್ಟ ಫೋಟೊ ಕಳಿಸಿದರೆ ಹೆಸರು ತಿಳಿಸಲಾಗುವುದು. ಎಂ. ಸುಹರಾ, ಇಚಿಲಂಪಾಡಿ" ಎಂದಿತ್ತು. ಮೂರು ಸಲ ಓದಿದೆ. ನೊಣ ಓಡಿಸುವವರನ್ನು ಕಂಡಿದ್ದೇನೆ, ನೊಣವನ್ನು ಹೆಸರು ಹಿಡಿದು ಕರೆಯುವವರು ಇದ್ದಾರೆ ಅಂತ ಕೇಳಿದ್ದು ಇದೇ ಮೊದಲು.

ನನ್ನ ಹತ್ತಿರ ಒಂದು ಕ್ಯಾಮರಾ ಉಂಟು. ಸುಳ್ಯದಲ್ಲಿ ಸ್ಟುಡಿಯೊ ಇಟ್ಟಿರುವ ನಮ್ಮ ಲತೀಶ ಹೊಸದು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟ. ಮದುವೆ ಉಂಗುರವನ್ನು ಹತ್ತಿರದಿಂದ ತೆಗೆಯುವ ಲೆನ್ಸೂ ಅದರ ಜೊತೆ ಬಂತು. ನಮ್ಮಲ್ಲಿ ಉಂಗುರ ಎಷ್ಟಿರುತ್ತದೆ? ನೊಣ ಬೇಕಾದಷ್ಟು ಉಂಟು. ತೆಗೆದದ್ದನ್ನು ಲತೀಶನೇ ಪ್ರಿಂಟ್ ಹಾಕಿ ಕೊಡುವುದು.

ಮೂರು ಫೋಟೊ ಇಟ್ಟಿದ್ದೇನೆ. ಒಂದು ಕೆಸುವಿನ ಎಲೆಯ ಮೇಲಿನ ಹಸಿರು ಚಿನ್ನದ ಬಣ್ಣದ್ದು. ಇನ್ನೊಂದು ಜೇನುನೊಣ. ಮೂರನೆಯದು ಅಡುಗೆಮನೆಯ ಕಿಟಕಿಯಲ್ಲಿ ಸಿಕ್ಕಿದ್ದು, ಅಲುಗಾಡದೆ ಕೂತು ಚೆನ್ನಾಗಿ ತೆಗೆಯಲು ಬಿಟ್ಟಿತು. ನಮ್ಮಲ್ಲಿ ಫೋನಿನ ರೇಂಜ್ ಬೇಕಾದರೆ ಗುಡ್ಡ ಹತ್ತಬೇಕು, ಆದ್ದರಿಂದ ಅಂಚೆಯಲ್ಲೇ ಉತ್ತರ ಬರೆಯಿರಿ.

ಇಂತಿ,
ಡಿ. ಮರ್ಕಂಜ


ಇಚಿಲಂಪಾಡಿ
17-9-2024

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದದ್ದು ನನಗೆ ಬಹಳ ಸಂತೋಷ. ಆ ಪ್ರಕಟಣೆ ಹಾಕಿಸಿ ಎರಡು ವರ್ಷ ಆಯಿತು, ಬಂದ ಮೊದಲ ಕಾಗದ ಇದು! ನಿನ್ನ ಅಕ್ಷರ ದುಂಡಗೆ ದೊಡ್ಡದಾಗಿ ಉಂಟು, ಎರಡೆರಡು ಗೆರೆ ಹಿಡಿದು ಒಂದು ಸಾಲು ಬರೆದಿದ್ದೀ. ಎಂಟನೆಯ ಕ್ಲಾಸಾ, ಒಂಬತ್ತಾ?

ಈಗ ನೊಣಕ್ಕೆ ಬರೋಣ. ಹಸಿರು ಚಿನ್ನದ್ದು ಉದ್ದಕಾಲಿನ ನೊಣ. ತನಗಿಂತ ಸಣ್ಣ ಹುಳಗಳನ್ನು ಹಿಡಿದು ತಿನ್ನುತ್ತದೆ, ನಮ್ಮ ಅನ್ನಕ್ಕೆ ಬರುವುದಿಲ್ಲ. ನೀನು ಜೇನುನೊಣ ಎಂದದ್ದು ಜೇನಲ್ಲ, ತೂಗುನೊಣ. ಜೇನಿನ ವೇಷ ಹಾಕಿಕೊಂಡು ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ಇರುತ್ತದೆ. ರೆಕ್ಕೆ ಎಣಿಸು: ಜೇನಿಗೆ ನಾಲ್ಕು, ನೊಣದ ಜಾತಿಗೆ ಎರಡೇ. ಮೂರನೆಯದು ಅಲುಗಾಡದೆ ಕೂತದ್ದಕ್ಕೆ ಕಾರಣ ಉಂಟು. ಅದು ಒಣಮೆಣಸಿನ ಬೀಜ.

ಬೇಸರ ಮಾಡಬೇಡ. ಮುಂದಿನ ಸಲ ಮೇಲಿನಿಂದ ಒಂದು, ಬದಿಯಿಂದ ಒಂದು ತೆಗೆ. ರೆಕ್ಕೆಯ ನರಗಳು ಕಾಣಬೇಕು. ನರ ಎಲ್ಲಿ ಹೊರಟು ಎಲ್ಲಿ ಅಂಚಿಗೆ ಸೇರುತ್ತದೆ ಅಂತ ನೋಡಿಯೇ ನಾವು ಹೆಸರು ಹೇಳುವುದು. ಫೋನಿನಲ್ಲಿ ಕಳಿಸುವ ಫೋಟೊಗಳಲ್ಲಿ ಈ ನರಗಳೆಲ್ಲ ಕಲಸಿಹೋಗುತ್ತವೆ. ನಿನ್ನ ಪ್ರಿಂಟು ಒಳ್ಳೇದುಂಟು, ಹಾಗೇ ಕಳಿಸು. ನೊಣದ ಹಿಂದೆ ಬಿದ್ದು ಪರೀಕ್ಷೆ ಹಾಳು ಮಾಡಿಕೊಳ್ಳಬೇಡ.

ನಿನ್ನ ಅಕ್ಕ,
ಎಂ. ಸುಹರಾ


ಮರ್ಕಂಜ
26-9-2024

ಸುಹರಾ ಮೇಡಂ ಅವರಿಗೆ,

ಮೆಣಸಿನ ಬೀಜದ ವಿಷಯ ಮನೆಯ ಎಂಟು ಜನರಿಗೂ ಗೊತ್ತಾಗಿ ಊಟಕ್ಕೆ ಕೂತಾಗಲೆಲ್ಲ "ಸಾರಿನಲ್ಲಿ ನೊಣ ಉಂಟು" ಅಂತ ನಗುತ್ತಾರೆ. ನಗಲಿ. ನಾನು ಕ್ಯಾಮರಾ ಹಿಡಿದುಕೊಂಡು ತೋಡಿನ ಬದಿಗೆ ಹೋದೆ.

ಅಲ್ಲಿ ಸಿಕ್ಕಿದ್ದನ್ನು ಇಟ್ಟಿದ್ದೇನೆ. ದಂಡೆಯಿಂದ ನೀರಿನ ಮೇಲೆ ಇಳಿಬಿದ್ದ ಬೇರಿನ ತುದಿಯಲ್ಲಿ ಕೂತಿತ್ತು. ತೆಗೆಯುವಾಗ ಕಂಡದ್ದು ಒಂದು ಕೆಂಪು ಚುಕ್ಕೆ ಅಷ್ಟೇ. ಪ್ರಿಂಟ್ ಬಂದ ಮೇಲೆ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ ಮೇಡಂ! ತಲೆಯ ಎರಡು ಬದಿಗೆ ಎರಡು ಕಡ್ಡಿ ಹೊರಟಿದೆ, ಕಣ್ಣು ಇರುವುದು ಆ ಕಡ್ಡಿಗಳ ತುದಿಯಲ್ಲಿ. ದೇವರು ಇದನ್ನು ಮಾಡುವಾಗ ಪಕ್ಕದಲ್ಲಿ ಯಾರೋ ಕಥೆ ಹೇಳುತ್ತಿರಬೇಕು. ಇದು ಎಂತದು?

ನನ್ನ ಶಾಲೆಯ ವಿಷಯ ಬಿಡಿ, ಪರೀಕ್ಷೆಗೆ ಏನೂ ತೊಂದರೆ ಇಲ್ಲ. ನೀವು ಯಾವ ಕಾಲೇಜಿನಲ್ಲಿ ಪಾಠ ಮಾಡುವುದು?

ಡಿ. ಮರ್ಕಂಜ


ಇಚಿಲಂಪಾಡಿ
7-10-2024

ಪ್ರೀತಿಯ ತಮ್ಮನಿಗೆ,

ಕಾಲೇಜಿನ ವಿಷಯ ನೀನೂ ಬಿಡು.

ಅದು ಕಡ್ಡಿಗಣ್ಣಿನ ನೊಣ. ಗಂಡುಗಳು ಎದುರೆದುರು ನಿಂತು ಯಾರ ಕಣ್ಣಿನ ನಡುವೆ ದೂರ ಹೆಚ್ಚು ಅಂತ ಅಳೆದು ನೋಡುತ್ತವೆ. ಕಡಿಮೆ ಇದ್ದವ ಹೆಚ್ಚಾಗಿ ಅಲ್ಲಿಂದಲೇ ಹೊರಟುಹೋಗುತ್ತಾನೆ. ನಮ್ಮ ಪೇಟೆಯ ಪಾರ್ಕಿಂಗ್ ಜಗಳಗಳಿಗೆ ಇದನ್ನು ತೋರಿಸಬೇಕು.

ಆದರೆ ತಮ್ಮಾ, ನಿನ್ನದರಲ್ಲಿ ಒಂದು ವಿಶೇಷ ಉಂಟು. ನಮ್ಮ ಕಡೆಯ ತೋಡುಗಳಿಂದ ಬಂದ ಇಂಥ ನೊಣದ ಫೋಟೊಗಳಲ್ಲಿ ರೆಕ್ಕೆಯ ತುದಿಗೆ ಒಂದು ಕಪ್ಪು ಬೊಟ್ಟು ಇರುತ್ತದೆ. ನಿನ್ನದರಲ್ಲಿ ಬೊಟ್ಟು ಇಲ್ಲ. ಬೆನ್ನ ಮೇಲೆ ಇರಬೇಕಾದ ಕೂದಲೂ ಇಲ್ಲ, ನುಣ್ಣಗೆ ಉಂಟು. ಭೂತಗನ್ನಡಿ ಇಟ್ಟು ಮೂರು ದಿನ ನೋಡಿದೆ. ಇಂಥದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಅದೇ ಜಾಗದಿಂದ ಇನ್ನೂ ಕೆಲವು ತೆಗೆದು ಕಳಿಸು. ಬೇಗ ಕಳಿಸು. ಹೋಂವರ್ಕ್ ಆಮೇಲೆ ಮಾಡು.

ಸುಹರಾ


ಮರ್ಕಂಜ
14-10-2024

ಮೇಡಂ ಅವರಿಗೆ,

ಆರು ಫೋಟೊ ಇಟ್ಟಿದ್ದೇನೆ. ಆರು ಬೇರೆ ಬೇರೆ ಬೇರಿನಿಂದ. ತೋಡಿನಲ್ಲಿ ಒಂದು ಸಲ ಜಾರಿ ಸೊಂಟದವರೆಗೆ ಒದ್ದೆಯಾದೆ, ಕ್ಯಾಮರಾ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ. ಬೊಟ್ಟು ಉಂಟಾ ಇಲ್ಲವಾ ನೀವೇ ನೋಡಿ ಹೇಳಿ.

ಬೊಟ್ಟು ಇಲ್ಲದಿದ್ದರೆ ಅದು ಗಂಡ ಸತ್ತ ನೊಣವಾ?

ಡಿ. ಮರ್ಕಂಜ


ಇಚಿಲಂಪಾಡಿ
24-10-2024

ಪ್ರೀತಿಯ ತಮ್ಮನಿಗೆ,

ಗಂಡ ಸತ್ತವರ ಬಗ್ಗೆ ಹಾಗೆಲ್ಲ ತಮಾಷೆ ಮಾಡಬಾರದು. ನಿನ್ನ ಪ್ರಾಯದಲ್ಲಿ ಅದು ಗೊತ್ತಾಗುವುದಿಲ್ಲ.

ಈಗ ಕೂತುಕೊಂಡು ಓದು. ಏಳರಲ್ಲಿ ಏಳಕ್ಕೂ ಬೊಟ್ಟು ಇಲ್ಲ! ಫೋನಿನಲ್ಲಿ ನಮ್ಮದೊಂದು ಬಳಗ ಉಂಟು, ದೇಶದ ಎಲ್ಲ ಕಡೆಯಿಂದ ನೊಣ ನೋಡುವವರು ಇದ್ದಾರೆ. ನಿನ್ನ ಪ್ರಿಂಟುಗಳನ್ನು ಅಲ್ಲಿ ಹಾಕಿ "ಮರ್ಕಂಜದ ಈ ನೊಣ ಬೇರೆಯೇ ಜಾತಿ" ಅಂತ ಬರೆದೆ. ನನ್ನ ಹೆಸರಿನಲ್ಲೇ ಬರೆದೆ. ಬಂದ ಹೊಗಳಿಕೆ ನೋಡಿ ಮಧ್ಯಾಹ್ನ ಊಟ ಸೇರಲಿಲ್ಲ. ಕೋಲ್ಕತ್ತದ ಹಿರಿಯರೊಬ್ಬರು ಮಾತ್ರ "ಇನ್ನೊಮ್ಮೆ ನೋಡಿ ಹೇಳಿ" ಎಂದರು. "ನಾನು ಆರು ವರ್ಷದಲ್ಲಿ ನಾಲ್ಕು ಸಾವಿರ ನೊಣಕ್ಕೆ ಹೆಸರು ಹೇಳಿದ್ದೇನೆ, ನನ್ನ ಕಣ್ಣಿನ ಮೇಲೆ ನನಗೆ ಭರವಸೆ ಉಂಟು" ಅಂತ ಉತ್ತರ ಕೊಟ್ಟೆ. ಸ್ವಲ್ಪ ಜೋರಾಯಿತೋ ಏನೋ.

ಪುತ್ತೂರಿನಲ್ಲಿ ಡಿಸೆಂಬರ್ ಎಂಟನೇ ತಾರೀಕು ಭಾನುವಾರ ಕೀಟ ನೋಡುವವರ ಒಂದು ಕೂಟ ಉಂಟು. ಈ ನೊಣದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಲು ನನ್ನನ್ನು ಕರೆದಿದ್ದಾರೆ. ತಮ್ಮಾ, ನನ್ನನ್ನು ಇಷ್ಟರವರೆಗೆ ಯಾರೂ ಸ್ಟೇಜಿಗೆ ಕರೆದದ್ದಿಲ್ಲ. ಇದು ಸರಿಯಾದರೆ ನಾನು ನೊಣ ಬಲ್ಲವಳು ಅಂತ ನಾಲ್ಕು ಜನರ ಎದುರು ನಿಲ್ಲಬಹುದು.

ಫೋಟೊ ತೆಗೆದವರ ಚಿತ್ರವನ್ನೂ ಪರದೆಯ ಮೇಲೆ ತೋರಿಸುತ್ತಾರಂತೆ. ನಿನ್ನದೊಂದು ಫೋಟೊ ಕಳಿಸು. ಸ್ಕೂಲ್ ಯೂನಿಫಾರ್ಮಿನಲ್ಲಿ ಇದ್ದರೆ ಒಳ್ಳೇದು.

ಸುಹರಾ ಅಕ್ಕ


ಮರ್ಕಂಜ
2-11-2024

ಸುಹರಾ ಮೇಡಂ ಅವರಿಗೆ,

ಯೂನಿಫಾರ್ಮ್ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ಹಿಡಿಸುತ್ತಿರಲಿಲ್ಲ. ನಾನು ಶಾಲೆ ಬಿಟ್ಟು ಐವತ್ತೈದು ವರ್ಷ ಆಯಿತು.

ನನ್ನ ಹೆಸರು ದುಗ್ಗಮ್ಮ. ಅರುವತ್ತೊಂಬತ್ತು ನಡೆಯುತ್ತಿದೆ. ತಮ್ಮಾ ತಮ್ಮಾ ಅಂತ ನೀವು ಬರೆಯುವಾಗ ಸರಿ ಮಾಡಬೇಕು ಅಂತ ಪ್ರತಿ ಸಲ ಪೆನ್ನು ಹಿಡಿದೆ, ಆದರೆ ಈ ಪ್ರಾಯದಲ್ಲಿ ನನಗೆ ಪರೀಕ್ಷೆಗೆ ಓದು ಅಂತ ಹೇಳುವವರು ಎಲ್ಲಿ ಸಿಗುತ್ತಾರೆ? ಆಸೆಯಿಂದ ಸುಮ್ಮನಿದ್ದೆ. ಅಕ್ಷರ ದೊಡ್ಡದಾಗುವುದು ಕಣ್ಣಿನಿಂದ. ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ ಉಂಟು. ಪೊರೆ ತೆಗೆಸಿ ಬಂದ ಮರುದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ನೊಣ ಮಿಂಚಿತು. ಅಷ್ಟು ಚಂದದ್ದನ್ನು ಇಷ್ಟು ವರ್ಷ ಬೀಸಿ ಓಡಿಸಿದೆನಲ್ಲಾ ಅಂತ ಅನಿಸಿತು. ಹಾಗೆ ಶುರುವಾದದ್ದು. ಈಗಲೂ ಸಣ್ಣ ವಿವರ ನನಗೆ ಕಾಣುವುದಿಲ್ಲ, ಕ್ಯಾಮರಾ ಕಂಡದ್ದನ್ನು ನಾನು ನಂಬುವುದು.

ಗಂಡ ಸತ್ತ ನೊಣದ ತಮಾಷೆಯನ್ನು ನಾನು ಮಾಡಬಹುದು ಮೇಡಂ. ನನ್ನವರು ಹೋಗಿ ಹನ್ನೊಂದು ವರ್ಷ ಆಯಿತು.

ಲತೀಶ ತೆಗೆದ ನನ್ನ ಫೋಟೊ ಇಟ್ಟಿದ್ದೇನೆ. ಪ್ರೊಫೆಸರರ ಎದುರು ಸುಳ್ಳು ಹೇಳಿದ್ದಕ್ಕೆ ಕ್ಷಮಿಸಬೇಕು.

ದುಗ್ಗಮ್ಮ


ಇಚಿಲಂಪಾಡಿ
9-11-2024

ಪ್ರೀತಿಯ ದುಗ್ಗಮ್ಮಕ್ಕ,

ನಿಮ್ಮ ಕಾಗದ ಓದಿ ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಹೋಂವರ್ಕ್ ಆಮೇಲೆ ಮಾಡು ಅಂದೆನಲ್ಲಾ! ಆಮೇಲೆ ನಕ್ಕೂ ನಕ್ಕೂ ಸೂಜಿ ಬೆರಳಿಗೆ ಚುಚ್ಚಿತು.

ಸೂಜಿ ಅಂದೆ. ಹಾಗಾದರೆ ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಪ್ರೊಫೆಸರ್ ಅಲ್ಲ, ಟೈಲರ್. ಏಳನೆಯ ಕ್ಲಾಸಿಗೆ ಶಾಲೆ ಮುಗಿಯಿತು. ಇಚಿಲಂಪಾಡಿಯಲ್ಲಿ ಮಗಳ ಹೆಸರಿನಲ್ಲಿ ಶಿಫಾ ಟೈಲರಿಂಗ್ ಅಂತ ಒಂದು ಕೋಣೆ, ಎರಡು ಮಿಷನ್. ಒಮ್ಮೆ ಬಿಳಿ ಬಟ್ಟೆಯ ನೂಲು ಎಣಿಸಲು ಭೂತಗನ್ನಡಿ ಹಿಡಿದಿದ್ದೆ, ಅದರ ಕೆಳಗೆ ಒಂದು ನೊಣ ಬಂದು ಕೂತಿತು. ರೆಕ್ಕೆಯ ನರ ನೋಡಿದರೆ ಒಳ್ಳೆಯ ದರ್ಜಿ ಹಾಕಿದ ಹೊಲಿಗೆಯ ಹಾಗೆ, ಒಂದೂ ಸೊಟ್ಟ ಇಲ್ಲ. ಆವತ್ತಿನಿಂದ ಹುಚ್ಚು ಹಿಡಿಯಿತು. ಮಗಳು ಆಯಿಶತ್ ಶಿಫಾ ಫೋನಿನಲ್ಲಿ ಆ ಬಳಗಕ್ಕೆ ಸೇರಿಸಿದಳು. ಅವರೆಲ್ಲ ಮೇಡಂ ಎಂದರು, ನಾನು ಬೇಡ ಅನ್ನಲಿಲ್ಲ. ಪುತ್ತೂರಿನವರಿಗೂ ನಾನು ಯಾರು ಅಂತ ಗೊತ್ತಿಲ್ಲ. ಬ್ಲೌಸ್ ಹೊಲಿಯುವವಳು ಅಂತ ಗೊತ್ತಾದರೆ ನನ್ನ ನೊಣಗಳಿಗೆ ಯಾರು ಬೆಲೆ ಕೊಡುತ್ತಾರೆ? ಅದಕ್ಕೇ ಈ ನೊಣ ಗಟ್ಟಿ ಇರಬೇಕು ನನಗೆ.

ಅಕ್ಕಾ, ಒಂದು ಸಣ್ಣ ವಿಷಯ. ಫೋಟೊ ಬದಲಾಗಿದೆ ಅಂತ ಕಾಣುತ್ತದೆ. ಇದರಲ್ಲಿ ಇರುವವರಿಗೆ ನಲವತ್ತು ದಾಟಿರಲಿಕ್ಕಿಲ್ಲ. ಮುಖದಲ್ಲಿ ಒಂದು ಗೆರೆ ಇಲ್ಲ. ಮಗಳದ್ದು ಕಳಿಸಿದಿರಾ?

ನಿಮ್ಮ ತಂಗಿ,
ಸುಹರಾ


ಮರ್ಕಂಜ
14-11-2024

ಪ್ರೀತಿಯ ಸುಹರಾ ಅವರಿಗೆ,

ಟೈಲರಾ! ನಾನು ಇಷ್ಟು ದಿನ ಒಬ್ಬರು ದೊಡ್ಡ ಕನ್ನಡಕದ ಪ್ರೊಫೆಸರಿಗೆ ಹೆದರಿ ಹೆದರಿ ಕಾಗದ ಬರೆದೆನಲ್ಲಾ. ಇನ್ನು ಮೇಲೆ ಕಾಗುಣಿತ ನೋಡುವುದಿಲ್ಲ.

ಫೋಟೊ ನನ್ನದೇ. ಅದು ಲತೀಶನ ಕೈಚಳಕ. ನನ್ನ ತಂಗಿಯ ಮಗ ಅವ. ಅವನ ಕಂಪ್ಯೂಟರಿನ ಒಳಗೆ ಹೋದವರೆಲ್ಲ ಹೀಗೇ ಹೊರಗೆ ಬರುವುದು. ನನ್ನ ಕೆನ್ನೆಯಲ್ಲಿ ಹುಟ್ಟಿದಾಗಿನಿಂದ ಒಂದು ಮಚ್ಚೆ ಉಂಟು, ಅದನ್ನು ತೆಗೆದ. ಸುಕ್ಕು ತೆಗೆದ. ಹಣೆಯ ಹತ್ತಿರದ ಬಿಳಿ ಕೂದಲನ್ನು ಒಂದೊಂದಾಗಿ ತೆಗೆದ. ಕೊನೆಗೆ ಹಣೆಗೆ ಒಂದು ಬೊಟ್ಟೂ ಇಟ್ಟ. ಬಯ್ಯಬೇಕು ಅಂತ ಹೊರಟೆ, ಆದರೆ ಕೈಯಲ್ಲಿ ಹಿಡಿದು ನೋಡುವಾಗ ಬಾಯಿ ಬರಲಿಲ್ಲ. ಹನ್ನೊಂದು ವರ್ಷದ ನಂತರ ನನ್ನನ್ನು ಹಾಗೆ ನೋಡಿದ್ದು. ಸಂತೋಷವೇ ಆಯಿತು, ನಿಮ್ಮ ಹತ್ತಿರ ಎಂತ ಮುಚ್ಚುವುದು.

ಮದುವೆ ಸ್ಟುಡಿಯೊದವ ಅಲ್ಲವಾ, ಕಣ್ಣಿಗೆ ಕಂಡ ಕಲೆಯನ್ನು ಹಾಗೆ ಬಿಟ್ಟರೆ ಅವನಿಗೆ ನಿದ್ರೆ ಬರುವುದಿಲ್ಲ. ಯಾರ ಫೋಟೊ ಕೊಟ್ಟರೂ ಕ್ಲೀನ್ ಮಾಡಿಯೇ ಕೊಡುವುದು. ಪುತ್ತೂರಿನ ಪರದೆಯ ಮೇಲೆ ಇದನ್ನೇ ಹಾಕಿ.

ದುಗ್ಗಮ್ಮ


ಇಚಿಲಂಪಾಡಿ
18-11-2024

ದುಗ್ಗಮ್ಮಕ್ಕ,

ಯಾರ ಫೋಟೊ ಕೊಟ್ಟರೂ ಅಂದಿರಿ.

ನೊಣದ್ದೂ ಕ್ಲೀನ್ ಮಾಡಿದ್ದಾನಾ? ಇವತ್ತೇ ಸುಳ್ಯಕ್ಕೆ ಹೋಗಿ ಕೇಳಿ. ದಮ್ಮಯ್ಯ.

ಸುಹರಾ


ಮರ್ಕಂಜ
21-11-2024

ಸುಹರಾ,

ನಿಮ್ಮ ಕಾಗದ ಬಂದದ್ದೇ ಸುಳ್ಯದ ಬಸ್ಸು ಹತ್ತಿದೆ. ಸ್ಟುಡಿಯೊದಲ್ಲಿ ಒಂದು ಜೋಡಿ ಫೋಟೊ ತೆಗೆಸಲು ಕೂತಿತ್ತು. ಅವರ ಎದುರೇ ಕೇಳಿದೆ.

"ಲತೀಶಾ, ನನ್ನ ನೊಣಕ್ಕೆ ಎಂತ ಮಾಡಿದ್ದು ನೀನು?"

"ಎಂತ ಮಾಡ್ಲಿಲ್ಲ ದೊಡ್ಡಮ್ಮ. ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಕಲೆ ಇತ್ತು. ಎಲ್ಲ ಫೋಟೊದಲ್ಲಿಯೂ ಇತ್ತು. ಲೆನ್ಸಿಗೆ ಫಂಗಸ್ ಬಂದದ್ದು ಅಂತ ತೆಗ್ದೆ."

"ಬೆನ್ನಿನ ಕೂದಲು?"

"ಅದೂ ತೆಗ್ದೆ. ನುಣ್ಣಗೆ ಆಯ್ತಲ್ಲ? ನೊಣ ಆದ್ರೆ ಎಂತ ದೊಡ್ಡಮ್ಮ, ಫೋಟೊ ಚಂದ ಬರುದು ಬೇಡ್ವಾ?"

"ಅದು ಫಂಗಸ್ ಅಲ್ಲ ಮಾರಾಯ, ಬೊಟ್ಟು! ಅದರ ಬೊಟ್ಟು! ನೊಣದ ಬೊಟ್ಟು ಅಳಿಸಿ ನನ್ನ ಹಣೆಗೆ ಇಟ್ಟಿದ್ದೀಯಲ್ಲಾ!"

ಜೋಡಿ ಹೆದರಿ ಎದ್ದು ನಿಂತಿತು. ಲತೀಶನ ಮುಖ ಸಣ್ಣದಾಯಿತು. ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಏಳು ನೊಣಕ್ಕೆ ಕೂತು ಒಂದೊಂದು ಗಂಟೆ ಕೆಲಸ ಮಾಡಿದ್ದಾನಂತೆ, ಮದುಮಗಳಿಗೂ ಅಷ್ಟು ಮಾಡುವುದಿಲ್ಲವಂತೆ. ಕಂಪ್ಯೂಟರಿನಲ್ಲಿ ಅಸಲು ಹಾಗೇ ಇತ್ತು. ಏಳನ್ನೂ ಮುಟ್ಟದೆ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಏಳಕ್ಕೂ ಬೊಟ್ಟು ಉಂಟು. ಬೆನ್ನಿನ ಕೂದಲೂ ಉಂಟು.

ನನ್ನಿಂದ ಇಷ್ಟು ದೊಡ್ಡ ಎಡವಟ್ಟು ಆಯಿತು. ನನ್ನ ಕಣ್ಣು ಸರಿ ಇದ್ದಿದ್ದರೆ ನಾನೇ ಹಿಡಿಯುತ್ತಿದ್ದೆ. ಎರಡು ದಿನದಿಂದ ಊಟ ರುಚಿಸುವುದಿಲ್ಲ. ಬಯ್ದಾದರೂ ಬರೆಯಿರಿ.

ದುಗ್ಗಮ್ಮ


ಇಚಿಲಂಪಾಡಿ
25-11-2024

ಪ್ರೀತಿಯ ದುಗ್ಗಮ್ಮಕ್ಕ,

ಬಯ್ಯುವುದು ಯಾರಿಗೆ? ನಿಮಗೆ ಕಾಣಲಿಲ್ಲ ಅಂದಿರಿ. ನನಗೆ ಕಂಡಿತ್ತು.

ಇದನ್ನು ಯಾರಿಗೂ ಹೇಳಿಲ್ಲ. ಮೊದಲ ಫೋಟೊ ಬಂದ ದಿನವೇ ರೆಕ್ಕೆಯ ತುದಿಯಲ್ಲಿ ಎರಡು ನರ ಅಂಚಿಗೆ ಮುಟ್ಟದೆ ನಡುವಿನಲ್ಲೇ ನಿಂತದ್ದು ನೋಡಿದ್ದೆ, ಹೊಲಿಯುತ್ತಾ ಹೊಲಿಯುತ್ತಾ ನೂಲು ಮುಗಿದ ಹಾಗೆ. ಈ ಜಾತಿಯ ಯಾವ ನೊಣಕ್ಕೂ ಆ ಜಾಗದಲ್ಲಿ ನರ ಹಾಗೆ ನಿಲ್ಲುವುದಿಲ್ಲ. ಬೇರೆ ಯಾರ ಫೋಟೊ ಆದರೂ ಇದು ಸರಿ ಇಲ್ಲ ಅಂತ ತಿರುಗಿಸಿ ಕಳಿಸುತ್ತಿದ್ದೆ. ಇದನ್ನು ನೋಡಿಯೂ ನೋಡದ ಹಾಗೆ ಮಾಡಿದೆ. ಹೊಸ ನೊಣ ಬೇಕಿತ್ತು ನನಗೆ. ಹಿರಿಯರು ಇನ್ನೊಮ್ಮೆ ನೋಡಿ ಅಂದಾಗಲೂ ಜೋರು ಮಾಡಿದೆ.

ಹುಷಾರಿಲ್ಲ, ಬರಲಿಕ್ಕಾಗುವುದಿಲ್ಲ ಅಂತ ಪುತ್ತೂರಿಗೆ ತಿಳಿಸಬೇಕು ಅಂತಿದ್ದೇನೆ. ಬಳಗದಲ್ಲಿ ಫೋಟೊ ತೆಗೆದುಹಾಕಿ ಸುಮ್ಮನೆ ಹೊರಗೆ ಬರುತ್ತೇನೆ. ಹೊಲಿಗೆಗೆ ಬೇಕಾದಷ್ಟು ಬಟ್ಟೆ ಬಂದಿದೆ. ನೊಣ ಇನ್ನು ಸಾಕು ಅಕ್ಕಾ.

ಸುಹರಾ


ಮರ್ಕಂಜ
28-11-2024

ಸುಹರಾ ಮೇಡಂ ಅವರಿಗೆ,

ನಿಮಗೆ ಹುಷಾರಿಲ್ಲ ಅಂತ ಇದುವರೆಗೆ ಒಂದೂ ಕಾಗದದಲ್ಲಿ ಇರಲಿಲ್ಲ, ಈಗ ಪುತ್ತೂರಿಗೆ ಹೋಗಬೇಕು ಅನ್ನುವಾಗ ಯಾವ ಜ್ವರ ಬಂತು?

ನನಗೆ ಸಿಟ್ಟು ಬಂದಿದೆ. ನಾನು ತೋಡಿನಲ್ಲಿ ಬಿದ್ದದ್ದು ನೀವು ಸಾಕು ಅನ್ನಲಿಕ್ಕಾ? ನನ್ನ ಹತ್ತಿರ ಇನ್ನೂ ಹೆಸರಿಲ್ಲದ ಮುನ್ನೂರು ಫೋಟೊ ಉಂಟು. ನೀವು ಹೇಳದಿದ್ದರೆ ನಾನೇ ಹೆಸರಿಡುತ್ತೇನೆ, ನಮ್ಮ ನೆಂಟರ ಹೆಸರೆಲ್ಲ ಇಡುತ್ತೇನೆ, ಆಮೇಲೆ ನಿಮ್ಮ ಬಳಗದವರು ತಲೆ ಚಚ್ಚಿಕೊಳ್ಳಲಿ.

ಒಂದು ಕೇಳಬೇಕಿತ್ತು. ಈ ಕಡ್ಡಿಗಣ್ಣಿನದ್ದನ್ನು ನೀವು ಜೀವಂತ ನೋಡಿದ್ದೀರಾ? ನಿಮ್ಮ ಕಾಗದಗಳನ್ನೆಲ್ಲ ಪುನಃ ಓದಿದೆ, ನೋಡಿದೆ ಅಂತ ಎಲ್ಲಿಯೂ ಬರೆದಿಲ್ಲ. ಭಾನುವಾರ ಬನ್ನಿ. ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ನಿಲ್ಲುತ್ತೇನೆ. ನಿಮ್ಮ ಕೈಯಲ್ಲಿರುವ ಫೋಟೊದ ಹೆಂಗಸನ್ನು ಹುಡುಕಬೇಡಿ, ಅವಳ ಅಮ್ಮನ ಹಾಗೆ ಯಾರಾದರೂ ಕಂಡರೆ ಅದು ನಾನು.

ದುಗ್ಗಮ್ಮ


ಮರ್ಕಂಜ
3-12-2024

ಪ್ರೀತಿಯ ಸುಹರಾ,

ನೀನು ಸುಖವಾಗಿ ಊರು ಮುಟ್ಟಿದ್ದೀ ಅಂತ ಅಂದುಕೊಂಡಿದ್ದೇನೆ. ಮನೆಗೆ ಬಂದು ನನ್ನ ಕೈಯಲ್ಲಿ ನೀರುದೋಸೆ ತಿಂದು ಹೋದವಳಿಗೆ ಇನ್ನು ನೀವು ಗೀವು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ. ಕೋಳಿ ಮಾಡಲಿಲ್ಲ ಅಂತ ಸೊಸೆಗೆ ಇನ್ನೂ ಬೇಸರ. ಕೋಳಿ ಕೊಯ್ಯಲು ನಿಮ್ಮ ಕ್ರಮ ಬೇರೆ ಉಂಟು, ಗೊತ್ತಿಲ್ಲದೆ ಮಾಡುವುದು ಬೇಡ ಅಂತ ನಾನೇ ತಡೆದೆ. ಇನ್ನೊಮ್ಮೆ ಬರುವಾಗ ಕೋಳಿ ನೀನೇ ತಾ.

ಬಸ್ಸಿಗೆ ತಡವಾಗುತ್ತದೆ ಅಂತ ನೀನು ಓಡಿದೆ, ನಾನು ಹೇಳಬೇಕು ಅಂತಿದ್ದ ಮಾತು ಬಾಕಿಯಾಯಿತು. ತೋಡಿನ ಹತ್ತಿರ ನೀನು ಹೇಗಿದ್ದೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ದಾರಿಯುದ್ದಕ್ಕೂ ನಿನ್ನ ಬಾಯಿಗೆ ಬೀಗ ಇರಲಿಲ್ಲ. ಇಲ್ಲಿ ಹಾರಿದ್ದು ಇಂಥದ್ದು, ಅಲ್ಲಿ ಕೂತದ್ದು ಅಂಥದ್ದು, ಉದ್ದುದ್ದ ಹೆಸರುಗಳು. ಬೇರಿನ ಎದುರು ನೀನು ಕೂತೆ. ನಾಲ್ಕು ಕಡ್ಡಿಗಣ್ಣಿನವು ಬಂದು ಸಾಲಾಗಿ ನೇತಾಡಿದವು. ಎರಡು ಗಂಡು ಎದುರೆದುರು ನಿಂತು ಕಣ್ಣು ಅಳೆಯತೊಡಗಿದವು. ಇದು ಯಾವ ಜಾತಿ ಅಂತ ನಾನು ಕೇಳಿದೆ. ಇನ್ನೊಮ್ಮೆ ಕೇಳಿದೆ. "ಅಕ್ಕಾ, ಅದರ ಬೊಟ್ಟು ಅಲುಗಾಡ್ತದೆ" ಎಂದೆ ನೀನು. ನಿನ್ನ ಚಪ್ಪಲಿ ಒಂದು ನೀರಿನಲ್ಲಿ ತೇಲಿ ಹೋಗುತ್ತಿತ್ತು, ನಾನು ಕೋಲು ಹಾಕಿ ಎಳೆದದ್ದು ನಿನಗೆ ಗೊತ್ತೇ ಆಗಲಿಲ್ಲ.

ನಾಲ್ಕು ಸಾವಿರ ನೊಣಕ್ಕೆ ಹೆಸರು ಹೇಳಿದವಳು ಒಂದರ ಎದುರು ಹೀಗೆ ಸಣ್ಣ ಮಗುವಾಗಿ ಕೂತದ್ದು ನೋಡಿ ನನ್ನ ಹೊಟ್ಟೆ ತುಂಬಿತು. ಸಾಕು ಅನ್ನುವವಳ ಮುಖ ಹಾಗಿರುವುದಿಲ್ಲ. ಸುಹರಾ, ನೀನು ಆಸೆಪಟ್ಟು ತಪ್ಪಿದ್ದು ಹೌದು. ಆದರೆ ಬೊಟ್ಟು ಇಲ್ಲದ ಫೋಟೊ ಬಂತು, ಬೊಟ್ಟು ಇಲ್ಲ ಅಂತ ಕಂಡುಹಿಡಿದದ್ದು ನೀನು ಒಬ್ಬಳೇ ಅಲ್ಲವಾ? ಲತೀಶ ಅಷ್ಟು ನಾಜೂಕಾಗಿ ಮಾಡಿದ್ದು ನರ ನಿಂತ ಜಾಗದಲ್ಲಿ ನಿನ್ನ ಕಣ್ಣಿಗೆ ಸಿಕ್ಕಿಬಿತ್ತು. ಅದನ್ನೇ ಪುತ್ತೂರಿನಲ್ಲಿ ಹೇಳು. ಎರಡು ಪ್ರಿಂಟನ್ನೂ ಹಿಡಿದುಕೊಂಡು ಹೋಗು. ಯಾರಾದರೂ ನಕ್ಕರೆ ನನ್ನ ಹೆಸರು ಹೇಳು, ಮೆಣಸಿನ ಬೀಜದ ಫೋಟೊ ತೆಗೆದವಳು ನಾನು, ಮೊದಲು ನನ್ನನ್ನು ನೋಡಿ ನಗಲಿ.

ನಾನು ಬರಬೇಕಿತ್ತು. ಶುಕ್ರವಾರ ಇನ್ನೊಂದು ಕಣ್ಣಿನ ಪೊರೆ ತೆಗೆಯುತ್ತಾರೆ, ಮೂರು ದಿನ ಮನೆ ಬಿಡಬಾರದಂತೆ. ನಡೆದದ್ದನ್ನು ನೀನು ಬಿಡದೆ ಬರೆಯಬೇಕು.

ನಿನ್ನ ಅಕ್ಕ,
ದುಗ್ಗಮ್ಮ


ಇಚಿಲಂಪಾಡಿ
9-12-2024

ಪ್ರೀತಿಯ ದುಗ್ಗಮ್ಮಕ್ಕ,

ಕಣ್ಣು ಹೇಗಿದೆ? ನೋವು ಇಲ್ಲದಿದ್ದರೆ ಮಾತ್ರ ಓದಿ, ಇಲ್ಲದಿದ್ದರೆ ಸೊಸೆಯಿಂದ ಓದಿಸಿ. ಬಿಡದೆ ಬರೆಯಬೇಕು ಅಂದಿರಿ, ಹಾಗಾಗಿ ಅಂಗಡಿಗೆ ಅರ್ಧ ದಿನ ರಜೆ ಹಾಕಿದ್ದೇನೆ.

ಹೋದೆ. ಬೆಳಿಗ್ಗೆ ನಮ್ಮ ಮನೆಯವರು, ಸಲಾಂ, ನನ್ನನ್ನು ಆಟೋದಲ್ಲಿ ಬಸ್ಸಿನವರೆಗೆ ಬಿಟ್ಟು "ಹೆದರಿಕೆ ಆದ್ರೆ ವಾಪಸ್ ಬಾ, ಯಾರೂ ಎಂತ ಹೇಳುದಿಲ್ಲ" ಎಂದರು. ಗಂಡ ಅಷ್ಟು ಮೆತ್ತಗೆ ಮಾತಾಡಿದಾಗ ಹೆದರಿಕೆ ಇನ್ನೂ ಜಾಸ್ತಿಯಾಯಿತು. ಕೂಟದ ಹಾಲ್‌ನಲ್ಲಿ ಎಂಬತ್ತು ಜನ ಇದ್ದರು. ಕೋಲ್ಕತ್ತದ ಹಿರಿಯರೂ ಬಂದಿದ್ದರು ಅಕ್ಕಾ, ಎರಡನೆಯ ಸಾಲಿನಲ್ಲಿ! ಮೈಕಿನ ಕಂಬ ಗಟ್ಟಿಯಾಗಿ ಹಿಡಿದುಕೊಂಡೆ.

"ನಾನು ಇಚಿಲಂಪಾಡಿಯ ಟೈಲರ್" ಎಂದೆ. "ನಾನು ಹೆಸರು ಹೇಳಿದ ನೊಣ ಈ ಲೋಕದಲ್ಲಿ ಇಲ್ಲ. ಅದನ್ನು ಸುಳ್ಯದ ಒಂದು ಮದುವೆ ಸ್ಟುಡಿಯೊದಲ್ಲಿ ಮಾಡಿದ್ದು."

ಇಡೀ ಸಭೆಯೇ ನಕ್ಕಿತು. ನನಗೂ ನಗು ಬಂತು, ತಡೆಯಲಾಗಲಿಲ್ಲ. ನಗು ಬಂದ ಮೇಲೆ ಮಾತು ಸಲೀಸಾಯಿತು. ನಿಮ್ಮ ಎರಡು ಪ್ರಿಂಟನ್ನು ಪರದೆಯಲ್ಲಿ ಅಕ್ಕಪಕ್ಕ ಹಾಕಿಸಿದೆ. ಇಲ್ಲಿ ಬೊಟ್ಟು, ಇಲ್ಲಿ ಬೊಟ್ಟು ಹೋದ ಜಾಗ, ಇಲ್ಲಿ ನರ ಅಂಚಿಗೆ ಹೋಗದೆ ನಿಂತಿದೆ, ಹೀಗೆ ನಿಂತದ್ದು ಕಂಡರೆ ಯಾರದ್ದೋ ಕೈ ಬಿದ್ದಿದೆ ಅಂತ ತಿಳಿಯಬೇಕು. ನನಗೆ ಇದು ಮೊದಲ ದಿನವೇ ಕಂಡಿತ್ತು, ಆಸೆಯಿಂದ ಮುಚ್ಚಿದೆ, ಅದನ್ನೂ ಹೇಳಿದೆ. ಅದನ್ನು ಹೇಳುವಾಗ ಮಾತ್ರ ಯಾರೂ ನಗಲಿಲ್ಲ.

ಹಿರಿಯರು ಎದ್ದು ನಿಂತರು. ಅವರು ಹೇಳಿದ್ದನ್ನು ಒಬ್ಬರು ಕನ್ನಡದಲ್ಲಿ ಹೇಳಿದರು. ಆ ಏಳು ಫೋಟೊವನ್ನು ಅವರೂ ನೋಡಿದ್ದರು, ಏನೋ ಸರಿ ಇಲ್ಲ ಅನಿಸಿತ್ತು, ಎಲ್ಲಿ ಅಂತ ಅವರಿಗೆ ಹಿಡಿಯಲಾಗಿರಲಿಲ್ಲ. ನರ ನಿಂತ ಜಾಗವನ್ನು ಇನ್ನೊಮ್ಮೆ ತೋರಿಸಿ ಎಂದರು. ತೋರಿಸಿದೆ. ಜನ ಎದ್ದು ಪರದೆಯ ಹತ್ತಿರವೇ ಬಂದರು. ನನಗೆ ಕೊಟ್ಟ ಇಪ್ಪತ್ತು ನಿಮಿಷ ಒಂದು ಗಂಟೆ ದಾಟಿತು, ಊಟಕ್ಕೆ ಕರೆಯುವವರು ಬಾಗಿಲಲ್ಲಿ ನಿಂತು ನಿಂತು ಸಾಕಾದರು.

ಊಟವನ್ನಾದರೂ ಸರಿಯಾಗಿ ಮಾಡಿದೆನಾ ಅಂದರೆ ಅದೂ ಇಲ್ಲ. ಸಾಲಿನಲ್ಲಿ ನಿಂತಾಗ ಎದುರಿನವರು ಫೋನು ಚಾಚಿದರು, "ಮೇಡಂ, ಇದು ಎಂತ?" ಹಿಂದಿನವರು ಚಾಚಿದರು. ತಟ್ಟೆ ಒಂದು ಕೈಯಲ್ಲಿ, ಇನ್ನೊಬ್ಬರ ಫೋನು ಒಂದು ಕೈಯಲ್ಲಿ. ಸಾರು ತಣ್ಣಗಾಗುವವರೆಗೆ ಮೂವತ್ತೆಂಟು ನೊಣಕ್ಕೆ ಹೆಸರು ಹೇಳಿದೆ. ನಾಲ್ಕಕ್ಕೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಅನ್ನುವುದು ಇಷ್ಟು ಸುಲಭ ಅಂತ ನನಗೆ ಗೊತ್ತಿರಲಿಲ್ಲ ಅಕ್ಕಾ. ಬ್ಲೌಸ್ ಹೊಲಿಸಲು ಅಳತೆ ಯಾವಾಗ ಕೊಡುವುದು ಅಂತಲೂ ಇಬ್ಬರು ಕೇಳಿದರು.

ಹೊರಡುವಾಗ ಭವಿತಾ ಅಂತ ಒಬ್ಬಳು, ಕೂಟ ನಡೆಸುವವರಲ್ಲಿ ಅವಳೂ ಒಬ್ಬಳು, ಮಾತಾಡಿದವರಿಗೆಲ್ಲ ಪ್ರಮಾಣಪತ್ರ ಬರೆಯುತ್ತಾ ಕೂತಿದ್ದಳು. "ಹೆಸರಿನ ಕೆಳಗೆ ಎಂತ ಬರೆಯುದು ಮೇಡಂ?" ಅಂತ ಕೇಳಿದಳು. ಟೈಲರ್ ಅಂತ ಬರಿ ಎಂದೆ. ಬರೆದಳು. ಆದರೆ ಪೆನ್ನನ್ನು ಕಾಗದದಿಂದ ಎತ್ತಲಿಲ್ಲ. ನನ್ನ ಮುಖ ನೋಡಿ, "ಮತ್ತೆ?" ಎಂದಳು.

ಅಲ್ಲಿಯೇ ನಿಂತು ಅತ್ತುಬಿಟ್ಟೆ. ಗಾಬರಿಯಾಗಬೇಡಿ, ಸಂತೋಷಕ್ಕೆ. ಅವಳಿಗೆ ಏನು ಬರೆಯಲು ಹೇಳಿದೆನೋ ಅದನ್ನೇ ಇಲ್ಲಿಯೂ ಬರೆಯುತ್ತೇನೆ.

ನಿಮ್ಮ ತಂಗಿ,
ಸುಹರಾ
ಟೈಲರ್, ನೊಣ ಗುರುತಿಸುವವಳು
ಇಚಿಲಂಪಾಡಿ